ಒಲೆಯೊಂದು, ಹಸಿವು ಹಲವು

ದಾಸೋಹವೆಂಬುದು ನಮ್ಮ ಸಮಾಜದ ನಾಲಗೆಯ ಮೇಲೆ ಸದಾ ನಲಿಯುವ ಮಾತು. ಜಾತ್ರೆಯಿರಲಿ, ಶ್ರಾವಣಮಾಸದ ಪುರಾಣ ಪ್ರವಚನವಿರಲಿ, ಹಿರಿಯ ಗುರುಗಳ ಪುಣ್ಯಸ್ಮರಣೆಯಿರಲಿ, ಸಾವಿರಾರು ಜನ ಸಾಲುಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸಿದರೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನ ಯೋಗ್ಯವಾದುದೇ. ಆದರೆ ಜಾತ್ರೆಯ ಮರುದಿನ ಅದೇ ಊರಿನಲ್ಲಿ ಯಾರ ಮನೆಯ ಒಲೆ ಹೊತ್ತಲಿಲ್ಲ, ಒಲೆ ಹೊತ್ತಿದ ಮನೆಯಲ್ಲಿಯೂ ಯಾರು ಅರೆಹೊಟ್ಟೆಯಲ್ಲಿ ಮಲಗಿದರು ಎಂದು ವಿಚಾರಿಸುವವರು ವಿರಳ. ಬಡತನವನ್ನು ಕುರಿತು ಮಾತನಾಡುವಾಗ ನಾವೆಲ್ಲರೂ ಮನೆಯನ್ನೇ ಎಣಿಕೆಯ ಘಟಕವಾಗಿ ಹಿಡಿಯುತ್ತೇವೆ. ಇದು ಉಳ್ಳವರ ಮನೆ, ಅದು ಇಲ್ಲದವರ ಮನೆ ಎಂದು ಗೆರೆ ಎಳೆದುಬಿಡುತ್ತೇವೆ. ಮನೆಯೆಂಬುದಕ್ಕೆ ಹೊಟ್ಟೆಯಿಲ್ಲ, ಹೊಟ್ಟೆಯಿರುವುದು ಮನೆಯೊಳಗಿನ ಒಬ್ಬೊಬ್ಬರಿಗೆ. ಆ ಮನೆಯಲ್ಲಿ ಯಾರು ಯಾರಿದ್ದಾರೆ, ದುಡಿಯುವವರೆಷ್ಟು, ಕೈಸಾಗದವರೆಷ್ಟು, ಆಸ್ತಿ ಯಾರ ಹೆಸರಿನಲ್ಲಿದೆ, ತುತ್ತು ಯಾರ ತಟ್ಟೆಗೆ ಮೊದಲು ಬೀಳುತ್ತದೆ ಎಂಬುದನ್ನು ನೋಡದೆ ಹಸಿವಿನ ಲೆಕ್ಕ ತಿಳಿಯುವುದಿಲ್ಲ. ಈ ವಿಷಯವನ್ನು ಕುಟುಂಬದ ಹಿರಿಯರು, ತಾಯಂದಿರು, ತರುಣರು ಕೂಡಿ ವಿಚಾರ ಮಾಡಲೆಂದು ಈ ಲೇಖನ.

ಲಕ್ಕಮ್ಮನ ಅಳತೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ತಂದಲ್ಲಿಯೇ ಬಿಟ್ಟು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಪ್ರಸಂಗವನ್ನು ಪ್ರವಚನಕಾರರು ಸಾಮಾನ್ಯವಾಗಿ ನಿರಾಶೆಯ ಆದರ್ಶಕ್ಕೆ, ಅಂದರೆ ಆಸೆಯಿಲ್ಲದ ಬದುಕಿಗೆ ನಿದರ್ಶನವಾಗಿ ಹೇಳುತ್ತಾರೆ. ಅದು ಸರಿಯೇ. ಅದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ. ಮನೆಗೆ ಬಂದ ಅಕ್ಕಿಯ ಅಳತೆಯನ್ನು ನಿರ್ಧರಿಸುವ ಅಧಿಕಾರ ಆ ಮನೆಯಲ್ಲಿ ಹೆಣ್ಣಿಗಿತ್ತು. ದುಡಿದು ತಂದವನು ಮಾರಯ್ಯ. ಎಷ್ಟು ಸಾಕು, ಉಳಿದದ್ದು ಯಾರದು ಎಂದು ತೀರ್ಮಾನಿಸಿದವಳು ಲಕ್ಕಮ್ಮ. ಆ ತೀರ್ಮಾನಕ್ಕೆ ಗಂಡ ತಲೆಬಾಗಿದ. ಕಾಯಕವು ಸತಿಪತಿಗಳಿಬ್ಬರದೂ ಆದರೆ ಅದರ ಫಲದ ಮೇಲಿನ ಹಕ್ಕೂ ಇಬ್ಬರದೂ ಆಗಬೇಕೆಂಬ ಶರಣಧರ್ಮದ ನಿಲುವು ಇಲ್ಲಿ ಸ್ಪಷ್ಟವಾಗಿದೆ. ಎಂಟುನೂರು ವರ್ಷಗಳ ಅನಂತರ ನಮ್ಮ ಮನೆಗಳಲ್ಲಿ ಎಷ್ಟು ಜನ ಲಕ್ಕಮ್ಮಂದಿರಿಗೆ ಆ ಅಧಿಕಾರವಿದೆ?

ಧಾನ್ಯವಿದ್ದೂ ಹಸಿವು

ಹಸಿವೆಂದರೆ ಬೆಳೆ ಕಡಿಮೆಯಾದದ್ದರ ಫಲ ಎಂದು ನಾವು ಬಹುಕಾಲ ನಂಬಿದ್ದೆವು. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹುರಿದ ಕ್ಷಾಮವನ್ನು ನಮ್ಮ ಹಿರಿಯರು ಆಯಾ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ಮಳೆ ಎಲ್ಲರಿಗೂ ಕೈಕೊಟ್ಟಿತ್ತು; ಆದರೆ ಎಲ್ಲರೂ ಸಮನಾಗಿ ಸಾಯಲಿಲ್ಲ. ಹಗೇವಿನಲ್ಲಿ ಹಳೆಯ ಜೋಳವಿದ್ದವರು ಉಳಿದರು. ಹೊಲದಲ್ಲಿ ಕೂಲಿಯಿಲ್ಲದೆ ಹೋದ ಆಳುಗಳು, ಬಟ್ಟೆ ಕೊಳ್ಳುವವರಿಲ್ಲದೆ ಮಗ್ಗ ನಿಲ್ಲಿಸಿದ ನೇಕಾರರು, ಸುಗ್ಗಿಯ ಆಯವನ್ನೇ ನಂಬಿ ಬದುಕಿದ್ದ ಕುಶಲಕರ್ಮಿಗಳು ಮೊದಲು ಕುಸಿದರು.

1943ರ ಬಂಗಾಳದ ಕ್ಷಾಮವೂ ಇದೇ ಪಾಠವನ್ನು ಕಲಿಸಿತು. ಅಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತರೆಂದು ಅಂದಾಜು ಮಾಡಿದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು, ಆ ವರ್ಷದ ಧಾನ್ಯದ ಲಭ್ಯತೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ 5ರಷ್ಟು ಮಾತ್ರ ಕಡಿಮೆಯಿತ್ತೆಂದೂ, ಕ್ಷಾಮವೇ ಇಲ್ಲದಿದ್ದ 1941ಕ್ಕಿಂತ ಹೆಚ್ಚೇ ಇತ್ತೆಂದೂ 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಅಂಗಡಿಯಲ್ಲಿ ಅಕ್ಕಿಯಿತ್ತು, ಅದನ್ನು ತನ್ನದಾಗಿಸಿಕೊಳ್ಳುವ ಹಕ್ಕು ಕೂಲಿಯವನಿಗೆ, ಬೆಸ್ತನಿಗೆ ಇರಲಿಲ್ಲ. ಅನ್ನ ಇರುವುದು ಬೇರೆ, ಅನ್ನದ ಮೇಲೆ ಹಕ್ಕಿರುವುದು ಬೇರೆ. ಊರಿನ ಮಟ್ಟದಲ್ಲಿ ದಿಟವಾದ ಈ ಮಾತು ಮನೆಯ ಮಟ್ಟದಲ್ಲಿಯೂ ದಿಟ ಎಂಬುದೇ ನಾವು ಹೇಳಹೊರಟಿರುವ ವಿಷಯ.

ದುಡಿಯುವ ಕೈ, ಉಣ್ಣುವ ಬಾಯಿ

ಮೊದಲು ಮನೆಯ ರಚನೆಯನ್ನು ನೋಡೋಣ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬೋಮ್ ರೌನ್‌ಟ್ರೀ ಎಂಬ ಮಹನೀಯರು ಕೂಲಿಕಾರರ ಮನೆಮನೆಯ ಸಮೀಕ್ಷೆ ನಡೆಸಿ 1901ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಕೂಲಿಕಾರನ ಬಾಳಿನಲ್ಲಿ ಕೊರತೆ ಮತ್ತು ಬಿಡುವು ಸರದಿಯಂತೆ ಬರುತ್ತವೆಂದು ಅವರು ಕಂಡುಕೊಂಡರು. ಬಾಲ್ಯದಲ್ಲಿ ಕೊರತೆ, ತಾನೂ ಒಡಹುಟ್ಟಿದವರೂ ದುಡಿಯತೊಡಗಿದಾಗ ಬಿಡುವು, ಮದುವೆಯಾಗಿ ಎರಡು ಮೂರು ಮಕ್ಕಳಾದಾಗ ಮತ್ತೆ ಕೊರತೆ, ಮಕ್ಕಳು ಕೈಗೆ ಬಂದಾಗ ಮತ್ತೆ ಬಿಡುವು, ಅವರು ಬೇರೆಯಾಗಿ ತನ್ನ ಕೈ ಸೋತಾಗ ಕೊನೆಯ ಕೊರತೆ. ಕೂಲಿ ಅಷ್ಟೇ ಇದ್ದರೂ ಮನೆಯಲ್ಲಿ ದುಡಿಯುವ ಕೈಗಳಿಗೂ ಉಣ್ಣುವ ಬಾಯಿಗಳಿಗೂ ಇರುವ ಪ್ರಮಾಣ ಬದಲಾದಂತೆ ಬಡತನ ಏರಿಳಿಯುತ್ತದೆ.

ನೂರಿಪ್ಪತ್ತು ವರ್ಷಗಳ ಹಿಂದೆ ಪರದೇಶದಲ್ಲಿ ಕಂಡ ಈ ಸತ್ಯವನ್ನು ನಮ್ಮ ಹಳ್ಳಿಗಳಲ್ಲಿ ಇಂದೂ ಕಾಣಬಹುದು. ಗಂಡಹೆಂಡಿರಿಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ಹಸುಗೂಸು ಹುಟ್ಟಿತೆಂದರೆ ಒಂದು ಕೂಲಿ ನಿಲ್ಲುತ್ತದೆ, ಒಂದು ಬಾಯಿ ಕೂಡುತ್ತದೆ. ಅದೇ ಸಮಯಕ್ಕೆ ವೃದ್ಧ ತಾಯಿ ಹಾಸಿಗೆ ಹಿಡಿದರೆ ಆ ಮನೆ ಸಾಲದ ಬಾಗಿಲು ತಟ್ಟುತ್ತದೆ. ಇಂಥದೇ ಸಂಸಾರ ಎಂಟೆಕರೆ ನೀರಾವರಿಯ ಒಡೆಯನದಾದರೆ ಕೂಸು ಹುಟ್ಟಿದ್ದೂ ತಾಯಿ ಮಲಗಿದ್ದೂ ಕಷ್ಟವಾದೀತು, ಹಸಿವಾಗದು. ಮನೆಯ ರಚನೆ ಹಸಿವಾಗಿ ಮಾರ್ಪಡುವುದು ಅಸಮಾನತೆಯ ನೆಲದ ಮೇಲೆ ಮಾತ್ರ. ಆದ್ದರಿಂದ ಬಡವರ ಮನೆಯಲ್ಲಿ ಮಕ್ಕಳು ಹೆಚ್ಚೆಂದು ಮೂಗು ಮುರಿಯುವವರು ಅರ್ಧ ಸತ್ಯವನ್ನಷ್ಟೇ ಆಡುತ್ತಾರೆ.

ಕೂಡು ಕುಟುಂಬ ಒಡೆದದ್ದೇ ಎಲ್ಲ ಕಷ್ಟಗಳಿಗೆ ಮೂಲವೆಂದು ನಮ್ಮ ಸಭೆಗಳಲ್ಲಿ ಹೇಳುವುದುಂಟು. ಒಂದಂಶದಲ್ಲಿ ಅದು ನಿಜ. ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1970–71ರ ಕೃಷಿ ಗಣತಿಯಲ್ಲಿ 2.28 ಹೆಕ್ಟೇರ್ ಇದ್ದದ್ದು 2015–16ರ ಹೊತ್ತಿಗೆ 1.08 ಹೆಕ್ಟೇರಿಗೆ ಇಳಿಯಿತು. ಪಾಲಾದ ಹೊಲ ಪಾಲಾದ ಮನೆಯನ್ನು ಸಾಕಲಾರದು. ಕೂಡಿದ ಮನೆಯಲ್ಲಿ ಒಬ್ಬನಿಗೆ ಜಡ್ಡಾದರೆ ಇನ್ನೊಬ್ಬನ ದುಡಿಮೆ ಆತುಕೊಳ್ಳುತ್ತದೆ. ಆದರೆ ಅದೇ ಕೂಡಿದ ಮನೆಯಲ್ಲಿ ಹದಿನೈದು ಜನರಿಗೆ ರೊಟ್ಟಿ ಬಡಿದ ಕಿರಿಯ ಸೊಸೆಗೆ ಕೊನೆಗೆ ಉಳಿಯುತ್ತಿದ್ದುದೇನೆಂದು ಆಕೆಯನ್ನೇ ಕೇಳಬೇಕು. ಬೇರೆಯಾದ ಮನೆಯಲ್ಲಿ ಆಕೆಗೆ ತುತ್ತಿನ ಸ್ವಾತಂತ್ರ್ಯ ದೊರೆಯಿತು, ಕಷ್ಟಕಾಲದ ಆಸರೆ ತಪ್ಪಿತು. ಎರಡು ಬಗೆಯ ಮನೆಗಳಿಗೂ ತಮ್ಮ ತಮ್ಮ ಹಸಿವುಗಳಿವೆ.

ಇನ್ನು ಒಂಟಿ ಮನೆ. ಗಂಡನನ್ನು ಕಳೆದುಕೊಂಡವಳು, ಗಂಡ ಬಿಟ್ಟವಳು, ಮಕ್ಕಳು ಪಟ್ಟಣ ಸೇರಿದ ಮೇಲೆ ಉಳಿದ ಮುದುಕಿ, ಇವರ ಮನೆಗಳು ಸರ್ಕಾರದ ಲೆಕ್ಕದಲ್ಲಿಯೂ ಇಕ್ಕಟ್ಟಿಗೆ ಸಿಲುಕುತ್ತವೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಅಂತ್ಯೋದಯ ಯೋಜನೆಯ ಚೀಟಿಗೆ ಮನೆಯೊಂದಕ್ಕೆ 35 ಕಿಲೋ ಧಾನ್ಯ. ಅದು ಒಂಟಿ ಜೀವಕ್ಕೆ ಸಾಕಾದೀತು, ಒಂಬತ್ತು ಜನರ ಮನೆಗೆ ಸಾಲದು. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಉಳಿದ ಆದ್ಯತಾ ಕುಟುಂಬಗಳಿಗೆ ಗೊತ್ತುಮಾಡಿದ್ದು ತಲೆಗೆ 5 ಕಿಲೋ. ಅದು ದೊಡ್ಡ ಸಂಸಾರಕ್ಕೆ ನ್ಯಾಯ. ಬೇರೆ ಆದಾಯವಿಲ್ಲದ ಒಂಟಿ ಮುದುಕಿಗೆ ಆ ಐದು ಕಿಲೋದಿಂದ ತಿಂಗಳು ಸಾಗದು. ಮನೆಯಲ್ಲಿ ಎಷ್ಟು ಜನ, ಎಂಥ ಜನ ಇದ್ದಾರೆಂಬುದನ್ನು ನೋಡದ ಯಾವ ಅಳತೆಯೂ ಎಲ್ಲರಿಗೂ ಸರಿಹೊಂದುವುದಿಲ್ಲ.

ಒಂದೇ ಒಲೆಯ ಸುತ್ತ

ಈಗ ಅಡುಗೆಮನೆಯೊಳಗೆ ಬರೋಣ. ಮಠದ ಪಂಕ್ತಿಯಲ್ಲಿ ಉಂಡು ಬೆಳೆದ ನಮಗೆ ಒಂದು ನಿಯಮ ಬಾಲ್ಯದಿಂದಲೇ ಮೈಗೂಡಿದೆ. ಕೊನೆಯ ತಟ್ಟೆಗೆ ಬಡಿಸಿ ಮುಗಿಯುವವರೆಗೆ ಮೊದಲ ತಟ್ಟೆಯವನು ಕೈ ಹಚ್ಚುವಂತಿಲ್ಲ. ಉಳ್ಳವರ ಮಗನಿಗೂ ಇಲ್ಲದವರ ಮಗನಿಗೂ ಒಂದೇ ಸೌಟು. ಬಡಿಸಿದವರಿಗೂ ಸಾಕಷ್ಟು ಉಳಿದಿದೆಯೇ ಎಂದು ನೋಡಿಯೇ ಹಿರಿಯರು ಏಳುತ್ತಿದ್ದರು. ಪ್ರಸಾದವೆಂದರೆ ಇದು.

ಮನೆಯಲ್ಲಿ ನಡೆಯುವ ಕ್ರಮ ಬೇರೆ. ಮೊದಲು ಯಜಮಾನ, ಆಮೇಲೆ ಗಂಡುಮಕ್ಕಳು, ಆಮೇಲೆ ಹುಡುಗರು, ಕೊನೆಗೆ ಹೆಂಗಸರು. ಹೆಂಗಸರಲ್ಲಿಯೂ ಕೊನೆಯವಳು ಹೊಸ ಸೊಸೆ. ಬೆಣ್ಣೆ, ಕೆನೆಮೊಸರು, ಗಟ್ಟಿ ಪಲ್ಲೆ ಮೊದಲ ಸುತ್ತಿನಲ್ಲಿ ತೀರಿ, ಕೊನೆಯ ಸುತ್ತಿಗೆ ರೊಟ್ಟಿ ಮತ್ತು ಖಾರ ಉಳಿಯುತ್ತದೆ. ಇದನ್ನು ಯಾರೂ ಕ್ರೌರ್ಯವೆಂದು ಮಾಡುವುದಿಲ್ಲ, ಪದ್ಧತಿಯೆಂದು ಮಾಡುತ್ತಾರೆ. ಪದ್ಧತಿಯ ಫಲ ರಕ್ತದಲ್ಲಿ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ರಕ್ತಹೀನತೆ ಇದ್ದವರು ನೂರಕ್ಕೆ ಸುಮಾರು 20. ಅದೇ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮುಟ್ಟು, ಬಸಿರು, ಬಾಣಂತನಗಳಿಂದ ಹೆಣ್ಣಿನ ದೇಹಕ್ಕೆ ಕಬ್ಬಿಣಾಂಶ ಹೆಚ್ಚು ಬೇಕಾಗುತ್ತದೆಂಬುದು ವೈದ್ಯರ ಮಾತು. ಹೆಚ್ಚು ಬೇಕಾದವಳಿಗೆ ಕಡಿಮೆ ಸಿಗುವ ಏರ್ಪಾಡನ್ನು ನಾವು ಸಂಸ್ಕೃತಿಯೆಂದು ಕರೆಯಬಹುದೇ? ರಕ್ತವಿಲ್ಲದ ತಾಯಿಯ ಗರ್ಭದಿಂದ ತೂಕವಿಲ್ಲದ ಕೂಸು ಬರುತ್ತದೆ. ಸೊಸೆಯ ತಟ್ಟೆಯಲ್ಲಿ ಉಳಿಸಿದ್ದನ್ನು ಮನೆತನವು ಮೊಮ್ಮಗನ ಮೈಯಲ್ಲಿ ಕಳೆದುಕೊಳ್ಳುತ್ತದೆ.

ಸರ್ಕಾರದ ಯೋಜನೆಗಳೂ ಈ ಸತ್ಯವನ್ನು ನಿಧಾನವಾಗಿ ಕಲಿತವು. 1995ರಲ್ಲಿ ಶಾಲಾಮಕ್ಕಳ ಪೌಷ್ಟಿಕ ಆಹಾರದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ ಬಹಳಷ್ಟು ರಾಜ್ಯಗಳು ಮಗುವಿನ ಹೆಸರಿನಲ್ಲಿ ತಿಂಗಳಿಗೆ 3 ಕಿಲೋ ಧಾನ್ಯವನ್ನು ಮನೆಗೆ ಕೊಟ್ಟು ಕೈತೊಳೆದುಕೊಂಡವು. ಆ ಧಾನ್ಯ ಮನೆಯ ಚೀಲ ಸೇರಿ ಎಲ್ಲರ ಪಾಲಾಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಬಡಿಸಬೇಕೆಂದು ಆದೇಶಿಸಿದ ಮೇಲೆ ಊಟ ಮಗುವಿನ ಹೊಟ್ಟೆ ಸೇರತೊಡಗಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟದ್ದು ಶರಣ ಪರಂಪರೆಗೆ ಸಂದ ಗೌರವ. ಗರ್ಭಿಣಿ ಬಾಣಂತಿಯರ ವಿಷಯವೂ ಹೀಗೆಯೇ. ಅವರಿಗೆಂದು ಮನೆಗೆ ಕೊಟ್ಟ ದಿನಸಿ ಮನೆಮಂದಿಯ ಪಾತ್ರೆಯಲ್ಲಿ ಬೆರೆತು ಹೋಗುತ್ತಿದ್ದುದರಿಂದ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿಯೇ ಕೂರಿಸಿ ಬಿಸಿಯೂಟ ಬಡಿಸುವ ಏರ್ಪಾಡಾಯಿತು. ಬಸುರಿ ಹೆಣ್ಣಿಗೆ ಆಕೆಯ ಪಾಲಿನ ತುತ್ತು ತಲುಪಬೇಕಾದರೆ ಆಕೆಯನ್ನು ಮನೆಯ ಹೊಸ್ತಿಲು ದಾಟಿಸಿ ಉಣಿಸಬೇಕಾಯಿತೆಂಬುದು ಕುಟುಂಬವೆಂಬ ಸಂಸ್ಥೆಗೆ ಹೆಮ್ಮೆಯ ಸಂಗತಿಯಲ್ಲ.

2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿದಾಗ ಅತ್ತೆಯ ಹೆಸರಿಗೋ ಸೊಸೆಯ ಹೆಸರಿಗೋ ಎಂಬ ತಕರಾರು ಎಷ್ಟೋ ಮನೆಗಳಲ್ಲಿ ಎದ್ದಿತು. ಅದನ್ನು ಕೇಳಿ ನಕ್ಕವರುಂಟು. ನಗುವಂಥದೇನೂ ಅದರಲ್ಲಿಲ್ಲ. ತನ್ನ ಹೆಸರಿನಲ್ಲಿ ಒಂದು ಬಿಡಿಗಾಸೂ ಇಲ್ಲದೆ ಬಾಳಿದ ಇಬ್ಬರು ಹೆಂಗಸರು ಮೊದಲ ಸಲ ತಮ್ಮದೆನ್ನಬಹುದಾದ ಹಣಕ್ಕೆ ಕೈಚಾಚಿದರು, ಅಷ್ಟೇ.

ಮುಪ್ಪಿನವರದು ಇನ್ನೊಂದು ಬಗೆಯ ಹಸಿವು. ಹೊಲ ಪಾಲಾದ ದಿನವೇ ತಂದೆತಾಯಿಗಳೂ ಪಾಲಾಗುತ್ತಾರೆ. ತಂದೆ ಹಿರಿಮಗನಲ್ಲಿ, ತಾಯಿ ಕಿರಿಮಗನಲ್ಲಿ. ಇಲ್ಲವೆ ತಿಂಗಳಿಗೊಂದು ಪಾಳಿ. ಪಾಳಿ ಬದಲಾಗುವ ದಿನ ಎರಡು ಮನೆಗಳ ನಡುವೆ ಗಂಟು ಹಿಡಿದು ನಿಂತ ವೃದ್ಧೆಗೆ ಯಾವ ಮನೆಯಲ್ಲಿಯೂ ಆ ಹೊತ್ತಿನ ರೊಟ್ಟಿ ತಟ್ಟಿರುವುದಿಲ್ಲ.

ಕೇರಿಯಿಂದ ಕೇರಿಗೆ

ಮನೆಯೊಳಗಿನ ಅಸಮಾನತೆಯ ಹೊರಗೆ ಊರಿನ ಅಸಮಾನತೆ ಇದೆ. ಅದನ್ನು ಕುರಿತು ಮೌನ ವಹಿಸಿದರೆ ಈ ಲೇಖನ ಅಪೂರ್ಣವಾಗುತ್ತದೆ. ನಮ್ಮ ಸಮಾಜದಲ್ಲಿ ಭೂಮಿಯುಳ್ಳವರು ಬಹಳ ಜನರಿದ್ದಾರೆ. ಇಷ್ಟಲಿಂಗಧಾರಿಗಳಾಗಿಯೂ ಅಂಗೈಯಗಲ ನೆಲವಿಲ್ಲದವರೂ ಇದ್ದಾರೆ. ಇಬ್ಬರ ಹೊಲಮನೆಗಳ ಕೆಲಸಕ್ಕೂ ಬೆವರು ಸುರಿಸುವವರು ಬಹುಪಾಲು ದಲಿತ ಕೇರಿಗಳ ಜನ. ಅವರ ಮನೆಯಲ್ಲಿ ಒಬ್ಬ ಗಂಡಸು ಕಾಯಿಲೆ ಬಿದ್ದರೆ ಆತುಕೊಳ್ಳಲು ಹೊಲವಿಲ್ಲ, ಹಗೇವಿಲ್ಲ, ಸಾಲ ಕೊಡುವ ನೆಂಟರೂ ಅವರಷ್ಟೇ ಬಡವರು. ಬಸವಿ, ದೇವದಾಸಿ ಎಂದು ಹೆಸರಿಟ್ಟು ಬಿಡಲಾದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಆ ಕೇರಿಗಳವರೇ. 1982ರ ಕಾಯಿದೆ ಆ ಪದ್ಧತಿಯನ್ನು ನಿಷೇಧಿಸಿತು. ಆದರೆ ತಂದೆಯ ಹೆಸರಿಲ್ಲದ ಮಕ್ಕಳನ್ನು ಒಬ್ಬಳೇ ಸಾಕುವ ಮನೆಗಳು ಹಾಗೆಯೇ ಉಳಿದವು. ಜಾತಿ, ಭೂಹೀನತೆ, ಒಂಟಿ ಹೆಣ್ಣಿನ ದುಡಿಮೆ, ಈ ಮೂರೂ ಒಂದೇ ಮಾಡಿನ ಕೆಳಗೆ ಕೂಡಿದಾಗ ಹಸಿವು ಎಷ್ಟು ಆಳವಾಗಿರುತ್ತದೆಂದು ಊಹಿಸಬಹುದು.

ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯಿದೆ 1976ರಲ್ಲಿಯೇ ಬಂದಿತು. ಕಳೆ ತೆಗೆಯಲು, ಹತ್ತಿ ಬಿಡಿಸಲು ಬರುವ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಎಂಬುದನ್ನು ಊರು ಇನ್ನೂ ವಾಡಿಕೆಯೆಂದೇ ಭಾವಿಸಿದೆ. ಆ ಹೆಣ್ಣಾಳಿನ ಮನೆಯಲ್ಲಿ ದುಡಿಯುವ ಕೈ ಅದೊಂದೇ ಆಗಿದ್ದರೆ, ನಾವು ಕಡಿದುಕೊಂಡದ್ದು ಅವಳ ಮಗುವಿನ ತುತ್ತು. ಕೂಲಿಯನ್ನು ಕಡಿದು ಜಾತ್ರೆಗೆ ಅಕ್ಕಿಮೂಟೆ ಕಳುಹಿಸಿದರೆ ಅದು ದಾಸೋಹವಾದೀತೇ? ನ್ಯಾಯವಾದ ಕಾಯಕದಿಂದ ಬಂದದ್ದಕ್ಕೆ ಮಾತ್ರ ದಾಸೋಹದ ಯೋಗ್ಯತೆ ಎಂದು ಶರಣರು ಸಾರಿದ್ದನ್ನು ನಾವು ಮರೆಯಲಾಗದು.

ಹಿರಿಯರು ತೋರಿದ ದಾರಿ

ಈ ಸಮಾಜಕ್ಕೆ ಉದಾರ ಪರಂಪರೆಯೂ ಇದೆ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು ತ್ಯಾಗವೀರರೆನಿಸಿದರು. ಊರೂರಿನ ಉಚಿತ ಪ್ರಸಾದ ನಿಲಯಗಳು ಹಸಿದ ಹುಡುಗರನ್ನು ಓದಿಸಿ ಮನುಷ್ಯರನ್ನಾಗಿ ಮಾಡಿದವು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಎಲ್ಲ ಜಾತಿಗಳ ಸಾವಿರ ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಮಗು ಯಾರ ಮನೆಯದೆಂದು ಆ ಒಲೆ ಕೇಳಲಿಲ್ಲ.

ಆ ಪರಂಪರೆಯ ಬೆಳಕಿನಲ್ಲಿ ಒಂದು ಸೂಕ್ಷ್ಮ ವಿಷಯವನ್ನೂ ಹೇಳಬೇಕಾಗಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹಾಗೂ ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದಾಗ ನಮ್ಮ ಕೆಲವು ಮಠಾಧೀಶರು ವಿರೋಧಿಸಿದರು. ನಾವು ಶಾಕಾಹಾರಿಗಳು, ನಮ್ಮ ಮಕ್ಕಳು ಬಾಳೆಹಣ್ಣು ತಿನ್ನಲಿ. ನಮ್ಮ ಆಚಾರ ನಮ್ಮ ತಟ್ಟೆಗೆ ಸಂಬಂಧಿಸಿದ್ದು. ಅಪೌಷ್ಟಿಕತೆಯಿಂದ ಸೊರಗಿದ ಇನ್ನೊಂದು ಕೂಸಿನ ತಟ್ಟೆಯಿಂದ ಅದರ ಮನೆಯವರಿಗೆ ಒಪ್ಪಿತವಾದ ಆಹಾರವನ್ನು ಎತ್ತಿಡುವ ಅಧಿಕಾರ ನಮಗಿಲ್ಲವೆಂಬುದು ನಮ್ಮ ವಿನಮ್ರ ಅಭಿಪ್ರಾಯ. ದಯೆಯಿರುವ ಕಡೆಗೆ ಆಚಾರ ತಾನಾಗಿ ಬರುತ್ತದೆ.

ಮನೆಮನೆಯ ಕರ್ತವ್ಯ

ವಿಚಾರ ಆಚಾರವಾಗದಿದ್ದರೆ ಅದು ಒಣಮಾತು. ಆದ್ದರಿಂದ ಕೆಲವು ಸೂಚನೆಗಳನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ಮೊದಲನೆಯದು, ದಿನಕ್ಕೆ ಒಂದು ಹೊತ್ತಾದರೂ ಮನೆಮಂದಿಯೆಲ್ಲ ಕೂಡಿ ಕುಳಿತು ಪ್ರಸಾದ ಸ್ವೀಕರಿಸಬೇಕು. ಪಾತ್ರೆಗಳು ನಡುವೆ ಇರಲಿ, ಬಡಿಸುವವಳೂ ಪಂಕ್ತಿಯಲ್ಲಿರಲಿ. ಕೂಡಿ ಕುಳಿತಾಗ ಯಾರಿಗೆ ಎಷ್ಟು ಬಂದಿತೆಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಬಸುರಿ, ಬಾಣಂತಿ, ಬೆಳೆಯುವ ಹೆಣ್ಣುಮಗು ಇವರಿಗೆ ಹಾಲುಮೊಸರು, ಕಾಳು, ಸೊಪ್ಪು ಮೊದಲು ಸಲ್ಲಲಿ.

ಎರಡನೆಯದು, ಆಸ್ತಿಯ ವಿಷಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ ಲಿಂಗಾಯತರಿಗೂ ಅನ್ವಯಿಸುತ್ತದೆಂದು ಅದರ ಎರಡನೆಯ ಕಲಮಿನಲ್ಲಿಯೇ ಹೆಸರಿಸಿ ಹೇಳಿದೆ. ಗಂಡನು ಮೃತ್ಯುಪತ್ರ ಬರೆಯದೆ ಹೋದರೆ ಅವನ ಪಾಲಿನಲ್ಲಿ ಹೆಂಡತಿಗೂ ಮಕ್ಕಳೊಡನೆ ಸಮಪಾಲುಂಟು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. ದೇಶಕ್ಕೆಲ್ಲ ಅದು 2005ರಲ್ಲಿ ಬಂದಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಖಚಿತಪಡಿಸಿತು. ಹೀಗಿದ್ದರೂ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು, ಒಂದು ಸೀರೆ ಉಡಿಸಿ ಕಳುಹಿಸುವ ಕ್ರಮ ನಡೆದೇ ಇದೆ. ಆ ತಂಗಿಯೇ ನಾಳೆ ಗಂಡನನ್ನು ಕಳೆದುಕೊಂಡು ಮಕ್ಕಳೊಡನೆ ತವರಿನ ಬಾಗಿಲಲ್ಲಿ ನಿಂತರೆ ಅಂದಿನ ಸೀರೆ ಅವಳ ಹೊಟ್ಟೆ ತುಂಬಿಸೀತೇ? ಹೊಲ ಹಂಚುವ ದಿನ ಮೊದಲು ತಾಯಿಯ ಪಾಲನ್ನು ಬರವಣಿಗೆಯಲ್ಲಿ ನಿಲ್ಲಿಸಿ, ಆಮೇಲೆ ಮಕ್ಕಳ ಪಾಲಿಗೆ ಕೈಹಚ್ಚಬೇಕು. ತಂದೆತಾಯಿಗಳ ಪೋಷಣೆ ಮಕ್ಕಳ ಹೊಣೆಯೆಂದು 2007ರಲ್ಲಿ ಕಾಯಿದೆಯೇ ಆಗಿದೆ; ಶರಣರ ಮನೆಯಲ್ಲಿ ಅದಕ್ಕೆ ಕಾಯಿದೆಯ ಅಗತ್ಯ ಬೀಳಬಾರದು.

ಮೂರನೆಯದು, ನಮ್ಮ ಹೊಲಕ್ಕೆ ಬರುವ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ. ಇದಕ್ಕೆ ಸಂಘವೂ ಬೇಡ, ಠರಾವೂ ಬೇಡ. ಊರಿನಲ್ಲಿ ಹತ್ತು ಮನೆಯವರು ಮನಸ್ಸು ಮಾಡಿದರೆ ಸಾಕು.

ನಾಲ್ಕನೆಯದು, ಪ್ರತಿ ಊರಿನ ಮಠ ಮತ್ತು ಬಸವ ಸಮಿತಿಗಳು ತಮ್ಮ ಊರಿನ ಒಂಟಿ ಹೆಂಗಸರ, ನಿರ್ಗತಿಕ ವೃದ್ಧರ, ತಾಯಿಯೊಬ್ಬಳೇ ಸಾಕುವ ಮಕ್ಕಳ ಮನೆಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಬೇಕು. ಜಾತಿಯ ಕಲಮು ಆ ಪಟ್ಟಿಯಲ್ಲಿ ಬೇಡ. ನಡೆಯಲಾರದವರಿಗೆ ಬುತ್ತಿ ಮನೆಗೆ ಹೋಗಲಿ. ವಿಧವಾ ವೇತನ, ವೃದ್ಧಾಪ್ಯ ವೇತನ, ರೇಷನ್ ಚೀಟಿಗಳಿಗೆ ಅರ್ಜಿ ಬರೆದುಕೊಡಲು ಓದಿದ ತರುಣರು ವಾರಕ್ಕೊಂದು ದಿನ ಮಠದಲ್ಲಿ ಕೂರಲಿ. ಅದೂ ದಾಸೋಹವೇ.

ಸೀಗಿ ಹುಣ್ಣಿಮೆಯಂದು ನಾವು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತೇವೆ. ಕಾಳು ತುಂಬಿಕೊಳ್ಳುತ್ತಿರುವ ಪೈರು ಬಸುರಿಯಿದ್ದಂತೆ, ಆಕೆಯ ಬಯಕೆಯನ್ನು ತೀರಿಸಬೇಕೆಂಬ ಭಾವ ಅದರಲ್ಲಿದೆ. ಬಗೆಬಗೆಯ ಅಡುಗೆ ಮಾಡಿ, ಬುಟ್ಟಿ ಹೊತ್ತು, ಭೂಮಿಗೆ ಮೊದಲು ಉಣಿಸಿ ಆಮೇಲೆ ನಾವು ಉಣ್ಣುತ್ತೇವೆ. ಬುಟ್ಟಿಯನ್ನು ಹೊತ್ತು ತಂದವಳ ಹೊಟ್ಟೆಯ ಕಡೆಗೂ ಆ ದಿನ ಒಮ್ಮೆ ನೋಡಿದರೆ, ಉಳಿದ ಮುನ್ನೂರ ಅರವತ್ತನಾಲ್ಕು ದಿನವೂ ಹಾಗೆಯೇ ನೋಡುವ ರೂಢಿ ಮಾಡಿಕೊಂಡರೆ, ನಮ್ಮ ಮನೆಗಳು ಮಹಾಮನೆಯಾಗಲು ಅದೇ ಮೊದಲ ಮೆಟ್ಟಿಲಾದೀತು.